ನೀರಿನ ಟ್ಯಾಂಕಿನ ತಿರುವಿನಲ್ಲಿ ಕುಳ್ಳಿ

ಫೆಬ್ರವರಿ 4

ಮಗಳಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯಬೇಕಂತೆ, ನಿನ್ನ ಅಜ್ಜಿ ಹೇಳಿದರು. ಎಲ್ಲರೂ ಕ್ಷೇಮ, ನಾನೊಬ್ಬ ಇಲ್ಲ. ಜ್ವರಗಿರ ಏನೂ ಅಲ್ಲ, ಗಾಬರಿ ಬೀಳಬೇಡ. ಗಾಬರಿ ಬೀಳುವ ಕೆಲಸಕ್ಕೆ ಈ ಮನೆಯಲ್ಲಿ ನಾನೊಬ್ಬನೇ ಸಾಕು.

ನಿನ್ನ ಅಮ್ಮ ಮತ್ತೆ ಬೆಟ್ಟ ಹತ್ತುವ ಕಾರು ಸ್ಪರ್ಧೆಗೆ ಹೆಸರು ಕೊಟ್ಟು ಬಂದಿದ್ದಾಳೆ. ಜೂನ್ ತಿಂಗಳ ಕೊನೆಯ ಭಾನುವಾರ. ಲಾಂಡ್ರಿಯಿಂದ ಬಂದವಳು ಚಪ್ಪಲಿ ಬಿಡುತ್ತಾ ಹೇಳಿದಳು, ಹಾಲು ತಂದೆ ಎನ್ನುವ ಹಾಗೆ. ನಾನು ಕತ್ತರಿ ಕೆಳಗಿಟ್ಟೆ. ಆ ದಿನ ಮತ್ತೆ ಎತ್ತಲಿಲ್ಲ.

ಹೋದ ವರ್ಷ ಆದದ್ದನ್ನು ಅವಳು ನಿನಗೆ ನಗುನಗುತ್ತಾ ಹೇಳಿರುತ್ತಾಳೆ. ನಾನು ಕಣ್ಣಾರೆ ಕಂಡವನು. ನಮ್ಮ ಪುಟ್ಟ ಕಾರು ಕುಳ್ಳಿಯಲ್ಲಿ ಲಾಂಡ್ರಿಯ ಹಾಸಿಗೆ ಬಟ್ಟೆಯ ಮೂಟೆ ಹೇರಿಕೊಂಡು ದಿನಾ ಬೆಟ್ಟದ ಮೇಲಿನ ವಸತಿಗೃಹಗಳಿಗೆ ಹೋಗಿಬರುವವಳು, ಆ ರಸ್ತೆ ಅವಳಿಗೆ ಅಂಗೈಯ ಗೆರೆ. ನೀರಿನ ಟ್ಯಾಂಕಿನ ತಿರುವಿನಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಳು. ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ಕುಳ್ಳಿಯ ಮೂತಿ ನೆಟ್ಟಗೆ ಹೋಗಿ ರಸ್ತೆ ಅಂಚಿಗೆ ಕಾವಲಾಗಿ ಒಟ್ಟಿದ್ದ ಹುಲ್ಲಿನ ಹೊರೆಗಳಿಗೆ ನುಗ್ಗಿತು. ಅವಳಿಗೆ ಏನೂ ಆಗಲಿಲ್ಲ, ಕೂದಲಲ್ಲೆಲ್ಲ ಹುಲ್ಲು. ಟೈರ್ ಅಂಗಡಿಯ ಟೈರಣ್ಣ ಎಲ್ಲರ ಮುಂದೆ, “ಮೂಟೆ ಹೊರೋ ಗಾಡಿನ ಬೆಟ್ಟಕ್ಕೆ ತಂದ್ರೆ ಅದು ಮೇಯೋಕೆ ಹೋಗ್ದೆ ಇನ್ನೇನ್ ಮಾಡುತ್ತೆ ಅಕ್ಕಾ?” ಅಂದ. ಜನ ನಕ್ಕರು. ಅವಳೂ ನಕ್ಕಳು. ಮನೆಗೆ ಬಂದಮೇಲೆ ನಗಲಿಲ್ಲ.

ಈಗ ಸ್ಪರ್ಧೆ ನಡೆಸುವವರು ಹೊಸ ನಿಯಮ ಹಾಕಿದ್ದಾರೆ. ಎರಡು ಸಲ ರಸ್ತೆ ಬಿಟ್ಟವರಿಗೆ ಮೂರನೆಯ ಸಲ ಅವಕಾಶ ಇಲ್ಲ, ಮುಂದೆ ಎಂದೆಂದಿಗೂ. ಅವಳಿಗೆ ಇದು ಗೊತ್ತಿದ್ದೇ ಹೆಸರು ಕೊಟ್ಟಿದ್ದಾಳೆ. ದುಡಿಯುವ ಗಾಡಿಗಳ ವಿಭಾಗದಲ್ಲಿ ಎಂಜಿನ್ ಮುಟ್ಟುವಂತಿಲ್ಲ, ಸೀಲು ಹಾಕುತ್ತಾರೆ. ಕೆಳಗಿನದನ್ನು, ಸ್ಪ್ರಿಂಗು ಗಿಂಗು, ಏನು ಬೇಕಾದರೂ ಬದಲಿಸಬಹುದಂತೆ.

ಊರಿನಲ್ಲಿ ಗಾಡಿಯ ಕೆಳಭಾಗ ತಿಳಿದವನು ಟೈರಣ್ಣ ಒಬ್ಬನೇ. ಆ ವಿಭಾಗದಲ್ಲಿ ಪ್ರತಿವರ್ಷ ಗೆಲ್ಲುವವನೂ ಅವನೇ. ನಾನು ಸೀಟು ಹೊಲಿಯುವವನು, ಗಾಡಿಯ ಒಳಗಿನವನು. ಸೀಟಿನ ಕೆಳಗೆ ಏನಿದೆ ಎಂದು ಬಗ್ಗಿ ನೋಡಿದವನಲ್ಲ. ಆರನೆಯ ಕ್ಲಾಸು ಅರ್ಧಕ್ಕೆ ಬಿಟ್ಟವನಿಗೆ ನಿನ್ನ ವಿದ್ಯೆ ಎಷ್ಟು ತಿಳಿದೀತು? ಆದರೂ ಕೇಳುತ್ತಿದ್ದೇನೆ. ನೀನು ಅಲ್ಲಿ ರೇಸಿನ ಕಾರುಗಳಿಗೆ ಮಾಡುವುದು ಇದೇ ಕೆಲಸವಂತೆ, ಅಮ್ಮ ಹೇಳಿದಳು.

ಫೋನು ಮಾಡಬಹುದಿತ್ತು. ಮಾಡಿದರೆ ಏನಾಗುತ್ತದೆ ಎಂದು ನಿನಗೂ ಗೊತ್ತು. “ಜಗಳ ಆಡೋಕೂ ಸ್ಟಾಂಪ್ ಹಚ್ಚಬೇಕು ಅಂದ್ರೆ ಇಬ್ಬರಿಗೂ ಬುದ್ಧಿ ಬರುತ್ತೆ” ಎಂದು ನಿನ್ನ ಅಮ್ಮ ಈ ಕಾಗದ, ಪೆನ್ನು ಕೊಟ್ಟಿದ್ದಾಳೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದು.

ಇಂತಿ,
ಅಪ್ಪ

ಫೆಬ್ರವರಿ 19

ಅಪ್ಪನಿಗೆ,

ಏನನ್ನೂ ಬದಲಿಸಬೇಡಿ, ಏನನ್ನೂ ಕೊಳ್ಳಬೇಡಿ. ಮೊದಲು ನೋಡಿ. ಮುಂದಿನ ಟೈರು ಹೊರ ಅಂಚಿನಲ್ಲಿ ಹೆಚ್ಚು ಸವೆದಿದೆಯಾ? ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಟ್ಟರೆ ಎಷ್ಟು ಸಲ ಏಳುತ್ತದೆ, ಬೀಳುತ್ತದೆ? ಮುಂದಿನ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನ ತುದಿಯಲ್ಲಿ ದುಂಡನೆಯ ರಬ್ಬರ್ ಬುಷ್ ಇರುತ್ತದೆ. ಅದು ಒಡೆದಿದೆಯಾ?

ಇದನ್ನು ನೋಡಲು ಕಾರಿನ ಕೆಳಗೆ ಹೋಗಬೇಕಾಗುತ್ತದೆ. ಬೇರೆ ಯಾರನ್ನಾದರೂ ಕಳಿಸಿದರೆ ಅವರು ನೋಡಿದ್ದನ್ನು ನೀವು ನಂಬುವುದಿಲ್ಲ, ಆದ್ದರಿಂದ ನೀವೇ ಹೋಗಬೇಕು.

ಜಾಕ್ ಜಾರುತ್ತದೆ ಎಂದು ಯಾವಾಗಲೂ ಹೇಳುತ್ತಿದ್ದಿರಿ. ನಿಜ, ಜಾರುತ್ತದೆ. ಅದಕ್ಕೇ ಸ್ಟ್ಯಾಂಡ್ ಎಂಬುದೊಂದು ಇರುತ್ತದೆ. ಎರಡು ಸ್ಟ್ಯಾಂಡ್ ಇಟ್ಟು, ಕಾರನ್ನು ಅಲ್ಲಾಡಿಸಿ ನೋಡಿ, ಆಮೇಲೆ ಹೋಗಿ. ಕೆಳಗೆ ಮಲಗಿದವರ ಕಾಲು ಹಿಡಿದು ಯಾರೂ ಎಳೆಯಬಾರದು ಎಂದು ಅಮ್ಮನಿಗೆ ಹೇಳಿ. ಎಳೆದರೆ ತಲೆ ಬಡಿಯುತ್ತದೆ, ನೀವು ನನ್ನನ್ನು ಎಳೆದಾಗಲೆಲ್ಲ ಬಡಿದ ಹಾಗೆ. ನನಗೆ ಗೊತ್ತು.

ಅಜ್ಜಿಯ ಮಂಡಿ ನೋವು ಹೇಗಿದೆ?

ಮಗಳು

ಮಾರ್ಚ್ 9

ಮಗಳಿಗೆ,

ಅಜ್ಜಿಯ ಮಂಡಿ ಅಜ್ಜಿಯ ಬಾಯಿಗಿಂತ ಹಿಂದೆ, ಆದರೆ ನಡೆಯುತ್ತಿದೆ.

ಹೋದೆ. ಕೆಳಗೆ. ಸ್ಟ್ಯಾಂಡ್ ಎರಡಲ್ಲ, ನಾಲ್ಕು ಇಟ್ಟೆ. ಜೊತೆಗೆ ಮರದ ದಿಮ್ಮಿ, ಅದರ ಪಕ್ಕ ಬಿಚ್ಚಿಟ್ಟ ಚಕ್ರಗಳು. ನಿನ್ನ ಅಜ್ಜಿ ಬಾಗಿಲಲ್ಲಿ ಕುಳಿತು, “ಅಳಿಯಂದಿರೇ, ಇಷ್ಟು ಕಂಬ ಕೊಟ್ಟಮೇಲೆ ಒಂದು ಛಾವಣಿನೂ ಹಾಕ್ಬಿಡಿ, ಬಾಡಿಗೆಗೆ ಕೊಡಬಹುದು” ಅಂದರು. ನಾನು ಅಂಗಾತ ಮಲಗಿ ಒಳಗೆ ಜರುಗಿದೆ. ಮೂಗಿನಿಂದ ಒಂದು ಗೇಣು ಮೇಲೆ ಅಷ್ಟು ದೊಡ್ಡ ಕಬ್ಬಿಣ. ಎದೆ ಡವಡವ ಅಂದದ್ದು ಕಾರಿನ ತಗಡಿಗೆ ಬಡಿದು ವಾಪಸು ಕೇಳುತ್ತಿತ್ತು. ಆಗ ಯಾರೋ ನನ್ನ ಕಾಲು ಮುಟ್ಟಿದರು. ನಿನ್ನ ಅಮ್ಮ. ಎಳೆಯಲಿಲ್ಲ, ಸುಮ್ಮನೆ ಕೈ ಇಟ್ಟಿದ್ದಳು. ನಾನು ಕಾಲನ್ನು ಇನ್ನಷ್ಟು ಒಳಗೆ ಎಳೆದುಕೊಂಡೆ.

ಒಂದು ಮಾತು ಹೇಳುತ್ತೇನೆ. ಕೆಳಗೆ ಭಯವಾಯಿತು, ಆದರೆ ಹೊರಗೆ ನಿಂತು ನೋಡುವಾಗ ಆಗುವಷ್ಟು ಆಗಲಿಲ್ಲ. ಅಷ್ಟೇ. ಮುಂದೆ ಬರೆಯುತ್ತೇನೆ.

ಟೈರು ನೀನು ಹೇಳಿದ ಹಾಗೆಯೇ ಸವೆದಿದೆ. ಮೂಲೆ ಅದುಮಿ ಬಿಟ್ಟರೆ ಹಳೆಯ ಸ್ಪ್ರಿಂಗ್ ಮಂಚದ ಹಾಗೆ ಕುಣಿಯುತ್ತಲೇ ಇರುತ್ತದೆ. ರಬ್ಬರ್ ಬುಷ್ಷು ಬಿರಿದು ಒಳಗಿನ ಕಬ್ಬಿಣ ಕಾಣುತ್ತದೆ.

ಇನ್ನೊಂದು ಕೆಲಸ ಮಾಡಿಬಿಟ್ಟೆ. ನೀನು ಬೇಡ ಅಂದಿದ್ದೆ, ಆದರೆ ನಿನ್ನ ಉತ್ತರ ಬರುವವರೆಗೆ ಸುಮ್ಮನಿರುವುದು ಎಂದರೆ ನನ್ನಂಥವನಿಗೆ ಮುಳ್ಳಿನ ಮೇಲೆ ಕುಳಿತ ಹಾಗೆ. ಮುಂದುಗಡೆ ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ ಒಂದು ಅಡ್ಡ ರಾಡು ಇದೆಯಲ್ಲ, ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲದಂತೆ ಹಿಡಿಯುವುದು. ಗುಜರಿ ಅಂಗಡಿಯಲ್ಲಿ ಅದಕ್ಕಿಂತ ದಪ್ಪದ್ದು ಸಿಕ್ಕಿತು. ಜಾರುವುದು ಮುಂದುಗಡೆ, ಹಾಗಾಗಿ ಮುಂದುಗಡೆಯನ್ನೇ ಗಟ್ಟಿ ಮಾಡಬೇಕು ಎಂದು ಹಾಕಿದೆ. ಅಮ್ಮ ಓಡಿಸಿ ಬಂದಳು. ಬಂದವಳು ಕೆಳಗಿಳಿಯಲಿಲ್ಲ. “ರೀ, ಮುಂಚೆ ಟ್ಯಾಂಕಿನ ತಿರುವಲ್ಲಿ ಮಾತ್ರ ಮಾತು ಕೇಳ್ತಿರಲಿಲ್ಲ. ಈಗ ಅಂಗಡಿ ಮೂಲೆಯಲ್ಲೂ ಕೇಳ್ತಿಲ್ಲ” ಅಂದಳು.

ಎಲ್ಲಿ ತಪ್ಪಿದೆ? ಮೂರು ದಿನದಿಂದ ಹೊಲಿದದ್ದೆಲ್ಲ ಸೊಟ್ಟ ಬರುತ್ತಿದೆ.

ಇಂತಿ,
ಅಪ್ಪ

ಮಾರ್ಚ್ 21

ಅಪ್ಪನಿಗೆ,

ದಪ್ಪ ರಾಡು ತೆಗೆದು ಹಳೆಯದನ್ನೇ ಹಾಕಿ. ನಿಮ್ಮ ತಪ್ಪನ್ನು ನಮ್ಮ ವರ್ಕ್‌ಷಾಪಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ ಮಾಡುತ್ತಾರೆ, ಹಾಗಾಗಿ ಸೊಟ್ಟ ಹೊಲಿಯುವುದು ಬಿಡಿ.

ಕುಳ್ಳಿಯಂಥ ಕಾರಿನಲ್ಲಿ ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಅವೇ ಎಳೆಯಬೇಕು, ಅವೇ ತಿರುಗಬೇಕು, ಬ್ರೇಕ್ ಹಾಕಿದಾಗ ಹೆಚ್ಚಿನ ಭಾರವನ್ನು ಅವೇ ಹೊರಬೇಕು. ಹಿಂದಿನ ಎರಡು ಸುಮ್ಮನೆ ಹಿಂದೆ ಬರುತ್ತವೆ. ಒಬ್ಬರೇ ದುಡಿದು ಮಿಕ್ಕವರು ಉಂಡು ಮಲಗುವ ಮನೆಯ ಹಾಗೆ. ತಿರುವಿನಲ್ಲಿ ಯಾವ ಕಡೆ ಗಟ್ಟಿ ಇರುತ್ತದೋ ಆ ಕಡೆಯ ಹೊರಚಕ್ರದ ಮೇಲೆ ಇನ್ನೂ ಹೆಚ್ಚು ಭಾರ ಬೀಳುತ್ತದೆ. ನೀವು ಮುಂದೆ ಗಟ್ಟಿ ಮಾಡಿದಿರಿ. ದುಡಿಯುವವಳ ಬೆನ್ನಿಗೇ ಇನ್ನೊಂದು ಮೂಟೆ ಹೇರಿದಿರಿ. ಮುಂದಿನ ಟೈರಿನ ಹಿಡಿತ ಮುಗಿದುಹೋಯಿತು.

ಮಾಡಬೇಕಾದದ್ದು ಇದರ ಉಲ್ಟಾ. ಹಿಂದೆ ಗಟ್ಟಿ ಮಾಡಬೇಕು. ಹಿಂದಿನವು ತಮ್ಮ ಪಾಲಿನ ಭಾರ ಹೊತ್ತರೆ ಮುಂದಿನವಕ್ಕೆ ತಿರುಗಲು ಉಸಿರು ಸಿಗುತ್ತದೆ.

ಇಲ್ಲಿಂದ ಪೆಟ್ಟಿಗೆ ಬರುತ್ತದೆ. ಹಿಂದಕ್ಕೆ ಹಾಕುವ ಅಡ್ಡ ರಾಡು, ನಾಲ್ಕು ಶಾಕ್ ಅಬ್ಸಾರ್ಬರ್, ಸ್ವಲ್ಪ ಗಿಡ್ಡ, ಸ್ವಲ್ಪ ಬಿರುಸಾದ ನಾಲ್ಕು ಸ್ಪ್ರಿಂಗು, ಮುಂದಿನ ತೋಳುಗಳಿಗೆ ಹೊಸ ಬುಷ್ಷು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವನ್ನೂ ಇಟ್ಟಿದ್ದೇನೆ. ಅದಿಲ್ಲದೆ ಸ್ಪ್ರಿಂಗ್ ಬಿಚ್ಚಬೇಡಿ, ಹಾರಿದರೆ ಗೋಡೆ ಒಡೆಯುತ್ತದೆ. ಪ್ರತಿ ಭಾಗದ ಮೇಲೆ ಎಲ್ಲಿಗೆ ಎಂದು ಬರೆದಿದ್ದೇನೆ.

ಕೆಳಗೆ ಇರುವಾಗ ಭಯ ಕಡಿಮೆ ಎಂದು ಬರೆದಿದ್ದೀರಿ. ಆ ಸಾಲನ್ನು ಎರಡು ಸಲ ಓದಿದೆ.

ಮಗಳು

ಏಪ್ರಿಲ್ 27

ಮಗಳಿಗೆ,

ನಿನ್ನ ಪೆಟ್ಟಿಗೆ ಬಂತು. ಹೊಲಿಗೆ ಮೇಜಿನ ಮೇಲೆ ಹಳೆಯ ಚಾದರ ಹಾಸಿ ಒಂದೊಂದನ್ನೇ ಇಟ್ಟೆ. ಎಷ್ಟು ಚೆಂದದ ಸಾಮಾನು. ನಿನ್ನ ಅಕ್ಷರ ಮೊದಲಿನ ಹಾಗೆಯೇ ಇದೆ, ಸ್ವಲ್ಪ ಎಡಕ್ಕೆ ವಾಲುತ್ತದೆ.

ಹಿಂದುಗಡೆ ರಾಡು ಹಾಕುತ್ತೇನೆ ಅಂದಾಗ ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೇಳಿದರು, ತಿರುಗದೆ ಇರುವುದು ಯಾವುದು ಎಂದು. ಮುಂದಿನ ಚಕ್ರ, ಅಂದೆ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಕೇಳಿದ್ದೆ, ಕಣ್ಣಾರೆ ನೋಡಿರಲಿಲ್ಲ” ಅಂದರು. ಮೊಮ್ಮಗಳು ಹಾಗೆ ಮಾಡಲು ಹೇಳಿದ್ದಾಳೆ ಅಂದೆ. ಲೋಟ ಮತ್ತೆ ಕೈಗೆತ್ತಿಕೊಂಡು, “ಹಾಗಾದ್ರೆ ಎಮ್ಮೆಗೂ ಒಳಗೊಳಗೇ ಏನೋ ಇರಬೇಕು ಬಿಡಿ” ಎಂದು ಪಕ್ಷ ಬದಲಿಸಿದರು.

ಸ್ಪ್ರಿಂಗ್ ಬಿಚ್ಚುವ ದಿನ ನಾನು ಹೆಲ್ಮೆಟ್ ಹಾಕಿಕೊಂಡಿದ್ದೆ, ಎದೆಗೆ ಸೀಟಿನ ಸ್ಪಂಜು ಕಟ್ಟಿಕೊಂಡಿದ್ದೆ. ನಗಬೇಡ. ಗೋಡೆ ಒಡೆಯುತ್ತದೆ ಎಂದು ಬರೆದವಳು ನೀನು. ಎಲ್ಲವನ್ನೂ ಹಾಕಿ ಮುಗಿಸಿದೆ. ಒಂದೊಂದು ಬೋಲ್ಟನ್ನೂ ಬಿಗಿ ಮಾಡಿ, ಸುತ್ತು ಬಂದು ಮತ್ತೆ ಬಿಗಿ ಮಾಡಿ, ನಿನ್ನ ಅಮ್ಮ ಊಟಕ್ಕೆ ಕರೆದಮೇಲೆ ಎದ್ದು ಹೋಗಿ ಇನ್ನೊಂದು ಸುತ್ತು ಬಿಗಿ ಮಾಡಿದೆ. ಅವಳು ಕೂರುವ ಗಾಡಿ. ಒಂದು ಬೋಲ್ಟು ಸಡಿಲವಾಗಿತ್ತು ಎಂದು ಆಮೇಲೆ ಅಳುವುದಕ್ಕೆ ನನ್ನಿಂದಾಗದು. ಎಲ್ಲ ಆದಮೇಲೆ ಜಾಕ್ ಇಳಿಸಿದೆ.

ಆದರೆ ಸರಿಯಾಗಲಿಲ್ಲ. ಗಿಡ್ಡ ಸ್ಪ್ರಿಂಗ್ ಎಂದು ನೀನು ಬರೆದಿದ್ದೆ, ಕಾರು ಮುಂದುಗಡೆ ಮೊದಲಿಗಿಂತ ಎತ್ತರ ನಿಂತಿದೆ, ಬೆಕ್ಕು ನೀರು ಕಂಡು ಬೆನ್ನು ಮೇಲೆತ್ತಿದ ಹಾಗೆ. ಸಣ್ಣ ಗುಂಡಿಗೂ ಕಿರ್ರ್ ಅನ್ನುತ್ತದೆ. ಅಮ್ಮ ಟ್ಯಾಂಕಿನ ತಿರುವಿಗೆ ಹೋಗಿ ಬಂದಳು. ತಿರುಗುತ್ತದೆ, ಆದರೆ ನಡುವೆ ಕುಪ್ಪಳಿಸುತ್ತದೆ ಅಂದಳು. ಟೈರಣ್ಣ ಅಂಗಡಿ ಮುಂದೆ ನಿಂತಿದ್ದವನು ಸದ್ದು ಕೇಳಿ, “ಅಕ್ಕಾ, ಮಂಚಕ್ಕೆ ಎಣ್ಣೆ ಬಿಡ್ಸಿ” ಅಂದನಂತೆ. ಅಮ್ಮ ನನ್ನನ್ನು ಬೈದಿದ್ದರೂ ಸಮಾಧಾನವಾಗುತ್ತಿತ್ತು.

ನನ್ನ ಕೈಗುಣವೇ ಇಷ್ಟು ಅನ್ನಿಸುತ್ತಿದೆ. ಹೆಸರು ವಾಪಸು ತೆಗೆದುಕೊಳ್ಳಲು ಅವಳಿಗೆ ಹೇಳು. ನೀನು ಹೇಳಿದರೆ ಕೇಳುತ್ತಾಳೆ.

ಇಂತಿ,
ಅಪ್ಪ

ಕೆಳಗಿನದು ಅಮ್ಮ ಬರೆದದ್ದು: ವಾಪಸು ತೆಗೆದುಕೊಳ್ಳುವುದಿಲ್ಲ. ನಿಮ್ಮ ಅಪ್ಪ ಅಂಗಿಯ ತೋಳು ಮಡಿಸಿ ಗ್ರೀಸು ಮೆತ್ತಿಕೊಂಡು ನಿಂತಾಗ ಎಷ್ಟು ಚೆನ್ನಾಗಿ ಕಾಣುತ್ತಾರೆ ಗೊತ್ತಾ. ಬೇಗ ಬರಿ.

ಮೇ 8

ಅಪ್ಪನಿಗೆ,

ಅಮ್ಮನಿಗೆ ಹೆಸರು ತೆಗೆಯಲು ಹೇಳುವುದಿಲ್ಲ.

ತೋಳಿನ ಬುಷ್ಷಿನ ಬೋಲ್ಟುಗಳನ್ನು ನೀವು ಬಿಗಿ ಮಾಡಿದ್ದು ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದಾಗ. ನೀವೇ ಬರೆದಿದ್ದೀರಿ, ಎಲ್ಲ ಆದಮೇಲೆ ಜಾಕ್ ಇಳಿಸಿದೆ ಎಂದು. ನಾನು ಪೆಟ್ಟಿಗೆಯ ಮೇಲೆ ಅದನ್ನು ಬರೆಯಬೇಕಿತ್ತು. ಇಲ್ಲಿ ನಮಗೆಲ್ಲ ಅದು ರೂಢಿ, ಹೇಳಬೇಕು ಎಂದೇ ಹೊಳೆಯಲಿಲ್ಲ.

ಆ ರಬ್ಬರು ತಿರುಚಿಕೊಂಡು ಕೆಲಸ ಮಾಡುತ್ತದೆ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ ರಬ್ಬರು ಅದೇ ತನ್ನ ಜಾಗ ಎಂದುಕೊಳ್ಳುತ್ತದೆ. ಕಾರು ಕೆಳಗಿಳಿದಮೇಲೆ ಇಡೀ ಹೊತ್ತು ತಿರುಚಿಕೊಂಡೇ ಇರುತ್ತದೆ, ಕಾರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಎತ್ತರ, ಕಿರ್ರ್ ಸದ್ದು, ಕುಪ್ಪಳಿಕೆ, ಎಲ್ಲ ಅದರಿಂದಲೇ. ಆ ಬೋಲ್ಟುಗಳನ್ನು ಸಡಿಲ ಮಾಡಿ. ಕಾರನ್ನು ನೆಲಕ್ಕೆ ಇಳಿಸಿ. ಅಮ್ಮ ಒಳಗೆ ಕೂರಲಿ. ನಾಲ್ಕೂ ಮೂಲೆ ಅದುಮಿ ಬಿಡಿ. ಅದು ತನ್ನ ಭಾರಕ್ಕೆ ತಾನು ಕೂತಮೇಲೆ, ಹಾಗೆಯೇ ನೆಲದ ಮೇಲಿರುವಾಗಲೇ ಬಿಗಿ ಮಾಡಿ. ಒಂದೇ ಸಲ.

ನಿಮ್ಮ ಕೈಗುಣದಲ್ಲಿ ಏನೂ ಕೊರತೆ ಇಲ್ಲ. ಇಲ್ಲಿ ಹೊಸಬರು ಸ್ಪ್ರಿಂಗ್ ತಲೆಕೆಳಗು ಹಾಕುತ್ತಾರೆ.

ಮಗಳು

ಮೇ 19

ಮಗಳಿಗೆ,

ನಿನ್ನ ಕಾಗದ ಓದಿ ಹಣೆ ಚಚ್ಚಿಕೊಂಡೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಸೀಟಿನ ಮೇಲೆ ಬಟ್ಟೆಯನ್ನು ಜಗ್ಗಿ ಹಿಡಿದು ಹೊಲಿದರೆ ಯಾರಾದರೂ ಕೂತು ಎದ್ದಮೇಲೆ ಮೂಲೆಯಲ್ಲಿ ಸುಕ್ಕು ಬರುತ್ತದೆ, ಆಮೇಲೆ ಹೊಲಿಗೆ ಬಿರಿಯುತ್ತದೆ. ಸ್ಪಂಜಿನ ಮೇಲೆ ಭಾರ ಇಟ್ಟು, ಅದು ಎಲ್ಲಿ ತಗ್ಗುತ್ತದೆ ನೋಡಿ ಹೊಲಿಯಬೇಕು. ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸ. ಕಬ್ಬಿಣ ಕಂಡೊಡನೆ ಕೈ ಅದನ್ನು ಮರೆತುಬಿಟ್ಟಿತು.

ಅಮ್ಮ ಒಳಗೆ ಕೂತಳು. ಅವಳ ತೂಕ ಸಾಲದೇನೋ ಎಂದು ಅಜ್ಜಿಯನ್ನೂ ಕೂರಿಸೋಣ ಅಂದೆ. ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ಆ ಯೋಚನೆ ಅಲ್ಲೇ ಬಿಟ್ಟೆ. ಬೋಲ್ಟು ಸಡಿಲ ಮಾಡಿದಾಗ ಕುಳ್ಳಿ ಒಂದು ನಿಟ್ಟುಸಿರು ಬಿಟ್ಟಳು, ನಿಜವಾಗಿ ಸದ್ದು ಬಂತು, ಆಮೇಲೆ ಮೆಲ್ಲನೆ ಕೂತಳು. ಮೊದಲಿಗಿಂತ ಎರಡು ಬೆರಳು ಕೆಳಗೆ. ನೋಡಲು ಬೇರೆಯೇ ಗಾಡಿ.

ಅಮ್ಮ ಓಡಿಸಿಕೊಂಡು ಬಂದು ಕೀಲಿಯನ್ನು ಮೊಳೆಗೆ ಸಿಕ್ಕಿಸಿದಳು. ಹೇಗಿದೆ ಅಂದೆ. ನೆಟ್ಟಗೆ ಅಡುಗೆಮನೆಗೆ ಹೋದಳು. ಒಳಗೆ ಹಾಡುತ್ತಿದ್ದಳು.

ಈಗ ನನ್ನ ಚಿಂತೆ ಬೇರೆ. ಸರಿಯಾಗಿರುವ ಗಾಡಿ ಇನ್ನೂ ಜೋರಾಗಿ ಹೋಗುತ್ತದೆ.

ಇಂತಿ,
ಅಪ್ಪ

ಜೂನ್ 11

ಅಪ್ಪನಿಗೆ,

ಎರಡು ಮಾತು, ಎರಡೂ ಮುಖ್ಯ.

ಒಂದು: ಟ್ಯಾಂಕಿನ ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳಬಹುದು. ಹಿಂದೆ ಗಟ್ಟಿ ಇದ್ದರೆ ಹಾಗಾಗುತ್ತದೆ. ಕಾರು ಮಗುಚುತ್ತಿದೆ ಎಂದುಕೊಳ್ಳಬೇಡಿ. ಆ ಚಕ್ರಕ್ಕೆ ಆ ಹೊತ್ತಿನಲ್ಲಿ ಕೆಲಸ ಇರುವುದಿಲ್ಲ.

ಎರಡು: ತಿರುವಿಗೆ ಮೊದಲೇ ಬ್ರೇಕ್ ಹಾಕಿ ಮುಗಿಸಬೇಕು. ಒಳಗೆ ಹೊಕ್ಕಮೇಲೆ ಹೆದರಿ ಆ್ಯಕ್ಸಿಲರೇಟರಿನಿಂದ ಕಾಲು ಎತ್ತಬಾರದು. ಎತ್ತಿದರೆ ಭಾರವೆಲ್ಲ ಒಮ್ಮೆಲೇ ಮುಂದಕ್ಕೆ ಬೀಳುತ್ತದೆ, ಹಿಂಭಾಗ ಹಗುರಾಗಿ ಹೊರಗೆ ಬೀಸುತ್ತದೆ. ಕಾಲು ಒತ್ತಿಯೇ ಇರಲಿ, ಕುಳ್ಳಿ ತಾನೇ ತನ್ನನ್ನು ಎಳೆದುಕೊಂಡು ಹೊರಬರುತ್ತಾಳೆ.

ಅಮ್ಮ ಸಂಜೆ ಬಟ್ಟೆಯ ಮೂಟೆ ಇಳಿಸಿದಮೇಲೆ ಖಾಲಿ ಗಾಡಿಯಲ್ಲಿ ಅಭ್ಯಾಸ ಮಾಡಲಿ. ಎರಡನೆಯ ಮಾತನ್ನು ಅವಳಿಗೆ ನೀವೇ ಹೇಳಬೇಕು. ನಾನು ಫೋನಿನಲ್ಲಿ ಹೇಳಿದರೆ ಅವಳು ನಗುತ್ತಾ ಹೂಂ ಅನ್ನುತ್ತಾಳೆ. ನೀವು ಹೇಳಿದರೆ ನಂಬುತ್ತಾಳೆ. ಕಾಲು ಎತ್ತಬೇಡ ಎಂದು ನಿಮ್ಮ ಬಾಯಿಂದ ಬಂತು ಎಂದರೆ ಅದು ಎಷ್ಟು ನಿಜವಿರಬೇಕು ಎಂದು ಅವಳಿಗೆ ಅರ್ಥವಾಗುತ್ತದೆ.

ಮಗಳು

ಜೂನ್ 30

ಮಗಳೇ,

ಗೆದ್ದಳು.

ಮೊದಲು ಇದನ್ನು ಬರೆದುಬಿಟ್ಟೆ, ನೀನು ಮೆಟ್ಟಿಲ ಮೇಲೆ ನಿಂತೇ ಕಾಗದ ಒಡೆಯುವವಳು ಎಂದು ಗೊತ್ತು. ಅಮ್ಮ ಫೋನಿನಲ್ಲಿ ಹೇಳುತ್ತೇನೆ ಎಂದು ಎಂಜಿನ್ ಆರಿಸುವ ಮೊದಲೇ ಕುಣಿಯುತ್ತಿದ್ದಳು. ನಾನು ಬೇಡಿಕೊಂಡೆ, ಈ ಒಂದನ್ನು ನನಗೆ ಬಿಡು, ನಾನು ಬರೆಯುತ್ತೇನೆ ಎಂದು. ಈಗ ಕೂತು ಓದು.

ನಿನ್ನ ಹಿಂದಿನ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ಓಡಾಡಿದೆ. ಖಾಲಿ ಗಾಡಿಯ ಅಭ್ಯಾಸದ ಮಾತು ಹೇಳಿದೆ, ಚಕ್ರ ಏಳುವ ಮಾತು ಹೇಳಿದೆ, ಎರಡನೆಯ ಮಾತು ಬಾಯಿಗೆ ಬರಲಿಲ್ಲ. ಮದುವೆಯಾದಾಗಿನಿಂದ ಅವಳು ಹೊರಟಾಗಲೆಲ್ಲ ನಿಧಾನ, ನಿಧಾನ ಎಂದು ಜಪಿಸಿದವನು ನಾನು. ಯಾವ ನಾಲಿಗೆಯಿಂದ ಹೇಳಲಿ? ಅಭ್ಯಾಸದಲ್ಲಿ ಅವಳು ತಿರುವಿನ ನಡುವೆ ಕಾಲು ಎತ್ತುತ್ತಿದ್ದಾಳೆ ಎಂದು ದೂರ ನಿಂತು ಎಂಜಿನ್ ಸದ್ದಿನಲ್ಲೇ ತಿಳಿಯುತ್ತಿತ್ತು, ಹಿಂಭಾಗ ಒಂದು ಸಲ ಬಾಲ ಅಲ್ಲಾಡಿಸಿತು ಕೂಡ. ಆಗಲೂ ನುಂಗಿಕೊಂಡೆ.

ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದಳು. ಹೆಲ್ಮೆಟ್ಟಿನ ಪಟ್ಟಿ ಕಟ್ಟಲು ನಾನು ಕಿಟಕಿಯಿಂದ ಬಗ್ಗಿದೆ. ಪಟ್ಟಿಯನ್ನು ಎರಡು ಸಲ ತಪ್ಪು ಕೊಂಡಿಗೆ ಸಿಕ್ಕಿಸಿದೆ. ಅವಳು, “ಯಾಕ್ರೀ, ಮೈ ಹುಷಾರಿಲ್ವಾ? ನೀವು ಬೇಕಾದ್ರೆ ನೆರಳಲ್ಲಿ ಕೂತ್ಕೊಳ್ಳಿ” ಅಂದಳು. ಆಗ ಹೇಳಿದೆ. “ನೋಡು, ಟ್ಯಾಂಕಿನ ತಿರುವಲ್ಲಿ ಒಳಗೆ ಹೋದಮೇಲೆ ಕಾಲು ಎತ್ತಬೇಡ. ಏನಾದ್ರೂ ಆಗ್ಲಿ, ಎತ್ತಬೇಡ. ಒತ್ತಿಯೇ ಇರು.” ಅವಳ ಮುಖದಲ್ಲಿದ್ದ ನಗು ನಿಂತಿತು. ನನ್ನನ್ನೇ ನೋಡಿದಳು. “ನೀವು ಹೇಳ್ತಿದೀರಾ?” ಅಂದಳು. ಹೌದು ಅಂದೆ. ಆಯ್ತು ಎಂದು ತಲೆಯಾಡಿಸಿ ತಾನೇ ಪಟ್ಟಿ ಕಟ್ಟಿಕೊಂಡಳು.

ನಾನು ನೆರಳಿಗೆ ಹೋಗಲಿಲ್ಲ. ಬೆಟ್ಟದ ಒಳದಾರಿಯಲ್ಲಿ ಏದುಸಿರು ಬಿಡುತ್ತಾ ಹತ್ತಿ ಟ್ಯಾಂಕಿನ ಗೋಡೆಯ ಹತ್ತಿರ ನಿಂತೆ. ಟೈರಣ್ಣ ಮೊದಲೇ ಓಡಿಸಿ ಮುಗಿಸಿ, ಕೆಳಗೆ ಬಂದು, ತಾನು ಗೆದ್ದಾಯಿತು ಎಂದು ಅಲ್ಲಿ ಸ್ನೇಹಿತರ ಜೊತೆ ಚಹಾ ಕುಡಿಯುತ್ತಿದ್ದ. “ಬನ್ನಿ ಅಣ್ಣಾ, ಹುಲ್ಲು ಎಣಿಸೋಣ” ಅಂದ. ನಾನು ಗೋಡೆಗೆ ಒರಗಿ ರಸ್ತೆಯ ಕಡೆ ತಿರುಗಿದೆ.

ಕುಳ್ಳಿಯ ಸದ್ದು ಕೆಳಗಿನಿಂದ ಬಂತು. ನಾನು ದಿನಾ ಕೇಳುವ ಸದ್ದು, ಆದರೆ ಎಲ್ಲೂ ತಡವರಿಕೆ ಇಲ್ಲ. ಎರಡನೆಯ ತಿರುವು ದಾಟಿತು. ಟ್ಯಾಂಕಿನ ಮುಂಚಿನ ನೇರ ರಸ್ತೆಗೆ ಬಂತು. ಬ್ರೇಕ್ ಹಾಕಿದಳು, ಕಾರಿನ ಮೂತಿ ಬಗ್ಗಿತು, ಬಿಟ್ಟಳು. ತಿರುವಿಗೆ ಹೊಕ್ಕಳು. ಒಳಬದಿಯ ಹಿಂದಿನ ಚಕ್ರ ನೆಲ ಬಿಟ್ಟಿತು. ನೀನು ಬರೆದಿದ್ದೆ, ನಾನು ನಾಲ್ಕಾರು ಸಲ ಓದಿದ್ದೆ, ಆದರೂ ಗೋಡೆಯ ಅಂಚು ಹಿಡಿದುಕೊಂಡೆ. ಒಂದು ಅಂಗೈಯಷ್ಟು ಮೇಲೆ, ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಜನ ಹೋ ಎಂದು ಹಿಂದೆ ಸರಿದರು. ಚಹಾ ಲೋಟ ಹಿಡಿದವನೊಬ್ಬ, “ಹೋಯ್ತು, ಮಗುಚ್ತು” ಅಂದ.

ನಾನು ಕಣ್ಣು ಮುಚ್ಚಲಿಲ್ಲ. ಕಿವಿಯನ್ನು ಎಂಜಿನ್ನಿನ ಮೇಲೆ ಇಟ್ಟಿದ್ದೆ. ಆ ಸದ್ದು ಇಳಿಯಲಿಲ್ಲ ಮಗಳೇ. ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಕಾಲು ಒತ್ತಿಯೇ ಇದ್ದಳು.

ಮೂತಿ ತಿರುಗಿತು. ಮೆಷಿನ್ನಿನ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ ಬಟ್ಟೆಯನ್ನು ತಿರುಗಿಸುತ್ತೇವಲ್ಲ, ಮೂಲೆ ಹೊಲಿಯುವಾಗ, ಹಾಗೆ ತಿರುಗಿತು. ಎತ್ತಿದ ಚಕ್ರ ತಟ್ಟನೆ ನೆಲ ಮುಟ್ಟಿತು. ಹುಲ್ಲಿನ ಹೊರೆಗಳಿಂದ ಎಷ್ಟೋ ದೂರದಲ್ಲಿ, ನನ್ನ ಮುಂದಿನಿಂದಲೇ, ಕುಳ್ಳಿ ಮೇಲಕ್ಕೆ ಹೋದಳು. ಒಳಗೆ ನಿನ್ನ ಅಮ್ಮ ಬಾಯಿ ತೆರೆದು ಏನೋ ಕೂಗುತ್ತಿದ್ದಳು. ಭಯಕ್ಕೆ ಎಂದುಕೊಂಡೆ. ಹಾಡುತ್ತಿದ್ದೆ ಎಂದು ಆಮೇಲೆ ಹೇಳಿದಳು.

ಟೈರಣ್ಣ ಚಹಾ ಲೋಟ ಗೋಡೆಯ ಮೇಲಿಟ್ಟ.

ಮೇಲೆ ಮೈಕಿನಲ್ಲಿ ಸಮಯ ಹೇಳಿದರು. ಎರಡು ಸಲ ಹೇಳಿದರು, ಮೊದಲ ಸಲ ಜನ ನಂಬಲಿಲ್ಲ. ಟೈರಣ್ಣನಿಗಿಂತ ಒಂದು ಸೆಕೆಂಡಿಗೂ ಹೆಚ್ಚು ಮುಂದೆ. ಯಾರೋ ಬೆನ್ನು ತಟ್ಟಿದರು, ಯಾರೋ ನೀರು ಕೊಟ್ಟರು. ಟೈರಣ್ಣ ಟೈರು ಬಿಸಿಯಾಗಿರಲಿಲ್ಲ, ರಸ್ತೆಯಲ್ಲಿ ಮರಳಿತ್ತು ಎಂದೆಲ್ಲ ಹೇಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇದು ನಿನ್ನ ಅಜ್ಜಿ ಅವನ ಮುಖಕ್ಕೇ ಹೇಳಿದ್ದು, ಸಂಜೆ. ಮಂಡಿ ನೋವಿನಲ್ಲೂ ಅದಕ್ಕೆಂದೇ ಅವನ ಅಂಗಡಿಯವರೆಗೆ ನಡೆದುಹೋಗಿದ್ದರು.

ಬಹುಮಾನದ ಹೊತ್ತಿಗೆ ಓಡಿಸಿದವರ ಜೊತೆ ಗಾಡಿ ಸಿದ್ಧ ಮಾಡಿದವರನ್ನೂ ಮೇಲೆ ಕರೆಯುತ್ತಾರೆ. ಅಮ್ಮ ನನ್ನನ್ನು ರಟ್ಟೆ ಹಿಡಿದು ಹತ್ತಿಸಿದಳು. ಮೈಕ್ ಹಿಡಿದವರು, ಈ ಗಾಡಿಯ ಮೆಕ್ಯಾನಿಕ್ ನೀವೇನಾ ಎಂದು ಕೇಳಿದರು. ಅಷ್ಟು ಜನ. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಅಂದ ಹಾಗಾಯಿತು. ಆದರೆ ಪ್ರಶ್ನೆಗೆ ಉತ್ತರ ಗೊತ್ತಿತ್ತು.

“ನಾನಲ್ಲ. ಮೆಕ್ಯಾನಿಕ್ ನಮ್ಮ ಮಗಳು. ನಾನು ಅವಳ ಕೈಕೆಳಗೆ ಕೆಲಸ ಮಾಡೋನು” ಅಂದೆ.

ಫಲಕದಲ್ಲಿ ಅಮ್ಮನ ಹೆಸರಿನ ಕೆಳಗೆ ಸೀಮೆಸುಣ್ಣದಲ್ಲಿ ನಿನ್ನ ಹೆಸರು ಬರೆದರು. ಪೂರ್ತಿ ಹೆಸರು. ನಾನು ಕೆಳಗೆ ನಿಂತು ಒಂದೊಂದು ಅಕ್ಷರವನ್ನೂ ತಪ್ಪಿಲ್ಲವೇ ಎಂದು ನೋಡಿದೆ. ಸರಿಯಾಗಿತ್ತು.

ಇವತ್ತು ಬೆಳಿಗ್ಗೆ ಟೈರಣ್ಣ ಅಂಗಡಿಗೆ ಬಂದ. ಸೀಟು ಹೊಲಿಸಲು ಎಂದುಕೊಂಡೆ. ಸ್ವಲ್ಪ ಹೊತ್ತು ದಾರದ ಉಂಡೆಗಳನ್ನು ಆಚೀಚೆ ಮಾಡಿ, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ, ತನ್ನ ಗಾಡಿಯ ಮೂತಿಯೂ ಟ್ಯಾಂಕಿನ ಹತ್ತಿರ ಮಾತು ಕೇಳುವುದಿಲ್ಲವಂತೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲವಂತೆ. ಒಂದು ಸಲ ಕೆಳಗೆ ನೋಡುತ್ತೀರಾ ಎಂದು ಕೇಳಿದ. ನನಗೆ ಅಷ್ಟು ಅಧಿಕಾರ ಇಲ್ಲ, ಅವಳನ್ನು ಕೇಳಿ ಹೇಳುತ್ತೇನೆ ಅಂದೆ.

ಅದಕ್ಕೇ ಕೇಳುತ್ತಿದ್ದೇನೆ. ಏನು ಹೇಳಲಿ?

ಇಂತಿ, ನಿನ್ನ ಕೈಕೆಳಗಿನ,
ಅಪ್ಪ

ಜುಲೈ 9

ಅಪ್ಪಾ,

ಕಾಗದವನ್ನು ವರ್ಕ್‌ಷಾಪಿನಲ್ಲಿ ಗಟ್ಟಿಯಾಗಿ ಓದಿದೆ. ಫಲಕದ ಜಾಗ ಬಂದಾಗ ನಮ್ಮ ಹಿರಿಯ ಮೆಕ್ಯಾನಿಕ್ ನನ್ನ ಕೈಯಿಂದ ಕಿತ್ತುಕೊಂಡು ಅವರೇ ಓದಿದರು. ನನಗೆ ಮುಂದೆ ಓದಲು ಆಗುತ್ತಿರಲಿಲ್ಲ.

ಟೈರಣ್ಣನಿಗೆ ಆಗಲಿ ಎಂದು ಹೇಳಿ, ಆದರೆ ಗಾಡಿಯನ್ನು ಇನ್ನೂ ಮುಟ್ಟಬೇಡಿ. ಎರಡು ವಾರ ರಜೆ ಕೇಳಿದೆ, ಕೊಟ್ಟರು. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಂಗಡಿಯ ಹಿಂದಿನ ಅಂಗಳ ಖಾಲಿ ಮಾಡಿಡಿ. ಇಬ್ಬರೂ ಕೆಳಗೆ ಮಲಗಬೇಕು, ಜಾಗ ಸಾಲದು.

ಅವರ ಗಾಡಿಯನ್ನು ಚೆನ್ನಾಗಿಯೇ ಮಾಡಿಕೊಡೋಣ. ಅಮ್ಮನದಕ್ಕಿಂತ ಒಂದು ಕೂದಲೆಳೆ ಕಡಿಮೆ.

ನಿಮ್ಮ ಮಗಳು